ಗೋರ್ಟ್‌ನಮೋನಾದ ಮೂರೆಕರೆ

ಕಳೆದ ತಿಂಗಳು ಪಿಕಡಿಲಿಗೆ ಹೋಗುವ ರೈಲು ರದ್ದಾಯಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಇತ್ತು. ಸ್ಟಾಕ್‌ಪೋರ್ಟ್ ಸ್ಟೇಷನ್ನಿನ ಗಾಳಿಯಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಅಷ್ಟರಲ್ಲಿ ಮಳೆ ಜೋರಾಗಿ, ಕಣ್ಣಿಗೆ ಬಿದ್ದ ಹಳೆಯ ಸಾಮಾನಿನ ಅಂಗಡಿಯೊಂದಕ್ಕೆ ನುಗ್ಗಿದೆ. ಒಳಗೆ ಒಬ್ಬ ಹೆಂಗಸು ಮರದ ಕಪಾಟಿಗೆ ಜೇನುಮೇಣದ ಪಾಲಿಶ್ ತಿಕ್ಕುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಂಗ್ಲೆಂಡಿಗೆ ಬಂದ ಮೇಲಿನ ನನ್ನ ಮೊದಲ ಚಳಿಗಾಲ ನೆನಪಾಯಿತು. ಸರ್ ಡೆಸ್ಮಂಡ್ ಅವರ ಮನೆಯ ಮುಂದಿನ ಕೋಣೆ ನೆನಪಾಯಿತು. ಹೆಸರುಗಳನ್ನು ಬದಲಿಸಿದ್ದೇನೆ, ಅವರ ಮಗಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ಧಾರವಾಡದ ಹತ್ತಿರದ ಒಂದು ಹಳ್ಳಿ. ಓದಿದ್ದು ಮೈಸೂರಿನಲ್ಲಿ. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ಅವರವರ ಮನೆಗೇ ಹೋಗಿ ನೋಡುವ ತಂಡದಲ್ಲಿ ನನಗೆ ನೌಕರಿ ಸಿಕ್ಕಿತ್ತು. ಡಿಡ್ಸ್‌ಬರಿಯಲ್ಲಿ ವಿಜಯಪುರದ ಡಾಕ್ಟರರೊಬ್ಬರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ರೋಟಾದಲ್ಲಿ ಆ ದಿನದ ಪಟ್ಟಿ ನೋಡಿ, ಪೋಸ್ಟ್‌ಕೋಡ್ ಫೋನಿಗೆ ಹಾಕಿ ಹೊರಟರೆ ದಿನಕ್ಕೆ ಐದು ಮನೆ. ಅಕ್ಟೋಬರಿನ ಒಂದು ದಿನ ಆ ಪಟ್ಟಿಯಲ್ಲಿ ಹೊಸ ಹೆಸರಿತ್ತು. ಹೆಸರಿನ ಹಿಂದೆ 'ಸರ್' ಎಂದಿತ್ತು. ಯಾರೋ ನಿವೃತ್ತ ಮೇಷ್ಟರು, ಗೌರವಕ್ಕೆ ಹಾಗೆ ಬರೆದಿದ್ದಾರೆ ಅಂದುಕೊಂಡೆ.

ಸಾಲುಮನೆಗಳ ಬೀದಿ. ಅವರದು ಕೊನೆಯ ಮನೆ. ಬಾಗಿಲು ತೆರೆದದ್ದು ಮಗಳು ಹೆಲೆನ್; ಐವತ್ತರ ಆಸುಪಾಸು, ಔಷಧದ ಅಂಗಡಿಯ ಬಿಳಿ ಕೋಟು ಇನ್ನೂ ಮೈಮೇಲಿತ್ತು. ಮುಂದಿನ ಕೋಣೆಗೆ ಕಾಲಿಟ್ಟವಳು ಮೊದಲು ನೋಡಿದ್ದು ಮೇಜನ್ನು. ಕೋಣೆಯ ಮುಕ್ಕಾಲು ಪಾಲು ಅದೇ ತುಂಬಿತ್ತು. ಆನೆಕಾಲಿನಂಥ ದಪ್ಪ ಕಾಲುಗಳು, ಜೇನುಮೇಣ ತಿಕ್ಕಿ ಕನ್ನಡಿಯ ಹಾಗೆ ಹೊಳೆಯುವ ಮರ, ಆದರೆ ಒಂದು ತುದಿಯಲ್ಲಿ ಗರಗಸದಿಂದ ಕತ್ತರಿಸಿದ ನೇರ ಅಂಚು. ಅದರ ಹಿಂದೆ ಗಾಲಿಕುರ್ಚಿಯಲ್ಲಿ ಎಂಬತ್ತು ದಾಟಿದ ಎತ್ತರದ ಮುದುಕರು ಕೂತಿದ್ದರು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಎಡಗೈ ಎತ್ತಿ ನನ್ನನ್ನು ಸ್ವಾಗತಿಸಿದರು.

"ಟ್ಯೂಸ್‌ಡೇ," ಎಂದರು.

ಅವತ್ತು ಗುರುವಾರ.

"ಎಲ್ಲದಕ್ಕೂ ಅದೇ ಪದ," ಎಂದರು ಹೆಲೆನ್. "ಟೀ ಬೇಕಾದರೂ ಟ್ಯೂಸ್‌ಡೇ, ಚಳಿಯಾದರೂ ಟ್ಯೂಸ್‌ಡೇ. ಅದು ಬಿಟ್ಟರೆ ನೋ."

ನನಗದು ಹೊಸದಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಲ್ಲಿ ಒಂದೇ ಒಂದು ಪದ ಉಳಿದು, ಹೇಳಬೇಕಾದ ಎಲ್ಲವೂ ಅದರಲ್ಲೇ ಹೊರಬರುತ್ತದೆ. ಅವರು ಏನು ಹೇಳಬೇಕೆಂದಿದ್ದಾರೋ ಅದು ಒಳಗೆ ಸರಿಯಾಗಿಯೇ ಇರುತ್ತದೆ. ಅದನ್ನು ಹೆಲೆನ್‌ಗೆ ವಿವರಿಸಿದಾಗ ಸರ್ ಡೆಸ್ಮಂಡ್ ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತು. ತಮ್ಮ ತಲೆ ಕೆಟ್ಟಿಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದು ಅವರಿಗೆ ಅಷ್ಟು ಬೇಕಾಗಿತ್ತು.

ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಅವರ ಕಥೆ ನನಗೆ ತಿಳಿದದ್ದು ಹೆಲೆನ್ ಬಾಯಿಂದ, ಟೀ ಮಾಡುವ ಹತ್ತು ಹತ್ತು ನಿಮಿಷಗಳಲ್ಲಿ. 'ಸರ್' ಎಂಬುದು ಮನೆತನದ ಬಿರುದು. ಐರ್ಲೆಂಡಿನ ಪಶ್ಚಿಮ ತುದಿಯಲ್ಲಿ ಅವರದು ದೊಡ್ಡ ಜಮೀನ್ದಾರಿ. ಮುತ್ತಜ್ಜನ ಕಾಲಕ್ಕೆ ಕಾನೂನು ಬಂದು ಬಹುಪಾಲು ಹೊಲ ಗೇಣಿದಾರರಿಗೆ ಹೋಯಿತು. ಉಳಿದದ್ದರ ಮೇಲೆ ಅಜ್ಜ ಸಾಲ ಮಾಡಿ ಕುದುರೆ ಸಾಕಿದರು. ಅಪ್ಪ ಆ ಸಾಲ ತೀರಿಸಲು ಇನ್ನಷ್ಟು ಸಾಲ ಮಾಡಿದರು. ಇಪ್ಪತ್ತೊಂದನೆಯ ವಯಸ್ಸಿಗೆ ಸರ್ ಡೆಸ್ಮಂಡ್ ಕೈಗೆ ಬಂದದ್ದು ನಲವತ್ತು ಕೋಣೆಗಳ ಸೋರುವ ಮನೆ. ಅಣಬೆ ಬೆಳೆಸಿದರು, ಕೊಳೆಯಿತು. ಮೀನು ಹಿಡಿಯಲು ಬರುವ ವಿದೇಶಿಯರಿಗೆ ಊಟ ವಸತಿ ಕೊಟ್ಟರು, ಮಳೆಗೆ ಹೆದರಿ ಅವರು ಬರುವುದು ನಿಲ್ಲಿಸಿದರು. ಒಂದೊಂದೇ ತುಂಡು ಮಾರುತ್ತ ಹೋದರು. ಕೊನೆಗೆ, ಛಾವಣಿಯಿಲ್ಲದ ಮನೆಗೆ ತೆರಿಗೆಯಿಲ್ಲವೆಂದು ಅದರ ಛಾವಣಿಯನ್ನೇ ಕೀಳಿಸಿ, ಊಟದ ಮೇಜೊಂದನ್ನು ಹಡಗಿಗೆ ಹಾಕಿಕೊಂಡು ಇಂಗ್ಲೆಂಡಿಗೆ ಬಂದರು. ಟ್ರಾಕ್ಟರಿನ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಸೇಲ್ಸ್‌ಮನ್ ಆದರು. ಸ್ಟಾಕ್‌ಪೋರ್ಟಿನ ಶಾಲಾ ಟೀಚರೊಬ್ಬರನ್ನು ಮದುವೆಯಾದರು. ಇಪ್ಪತ್ತನಾಲ್ಕು ಜನ ಕೂರುವ ಮೇಜು ಈ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಾಗ ಗರಗಸ ತರಿಸಿದವರು ಆ ಟೀಚರೇ.

"ಬ್ಯಾಂಕಿನ ಸಾಲವೆಲ್ಲ ಹೊಲ ಮಾರಿದಾಗಲೇ ಮುಗಿದಿತ್ತು," ಎಂದರು ಹೆಲೆನ್. "ಆದರೆ ಅಪ್ಪ ಅಲ್ಲಿನ ಕಟುಕನಿಗೆ, ಕಿರಾಣಿ ಅಂಗಡಿಯವನಿಗೆ, ಕಮ್ಮಾರನಿಗೆ ಹಳೆಯ ಬಾಕಿ ಅಂತ ಪ್ರತಿ ತಿಂಗಳು ಹಣ ಕಳಿಸ್ತಾ ಇದ್ದರು. ಯಾರೂ ಕೇಳಿರಲಿಲ್ಲ. ನನಗೆ ಹದಿನೇಳು ವರ್ಷ ಆಗೋವರೆಗೂ ಕಳಿಸಿದರು. ನಮ್ಮ ಕ್ಲಾಸಿನವರೆಲ್ಲ ರಜೆಗೆ ಸ್ಪೇನ್‌ಗೆ ಹೋಗ್ತಿದ್ದರು. ನಾವು ಎಲ್ಲಿಗೂ ಹೋಗಲಿಲ್ಲ."

ಅವರ ದನಿಯಲ್ಲಿ ಹೆಮ್ಮೆ ಇರಲಿಲ್ಲ.

ನವೆಂಬರಿನಲ್ಲಿ ಒಂದು ದಿನ ವಾರಗಳ ಹೆಸರು ಹೇಳಿಸುತ್ತಿದ್ದೆ. ಬಾಯಿಪಾಠವಾದದ್ದು ಮಿದುಳಿನ ಬೇರೆಡೆ ಕೂತಿರುತ್ತದೆ. ಮಾತು ಹೋದರೂ ಅದು ಹೋಗುವುದಿಲ್ಲ. ಮೈಸೂರಿನಲ್ಲಿ ಕಲಿಯುವಾಗ ಹೆಂಡತಿಯ ಹೆಸರು ಹೇಳಲಾರದ ಯಜಮಾನರೊಬ್ಬರು ಹದಿನಾರರ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸಿದ್ದನ್ನು ನೋಡಿದ್ದೆ. ನಾನು "ಮಂಡೇ" ಎಂದು ಶುರುಮಾಡಿಕೊಟ್ಟೆ. ಸರ್ ಡೆಸ್ಮಂಡ್ ನನ್ನ ಜೊತೆ ಸಂಡೇ ತನಕ ಬಂದರು. ಅಲ್ಲಿಗೆ ನಿಲ್ಲಲಿಲ್ಲ. ಅದೇ ಲಯದಲ್ಲಿ, ಕಣ್ಣು ಮುಚ್ಚಿಕೊಂಡು, "ಡೆರಿಮೋರ್, ನಾಕ್‌ಬಾನ್, ಕ್ಲೂನಾ, ಲಿಸ್‌ಡಫ್, ಗೋರ್ಟ್‌ನಮೋನಾ" ಎಂದರು. ಹೇಳಿದ ಮೇಲೆ ತಾವೇ ಬೆಚ್ಚಿ ಕಣ್ಣು ತೆರೆದರು.

ಅಡುಗೆಮನೆಯಿಂದ ಹೆಲೆನ್ ಓಡಿ ಬಂದರು. "ಅದು ಚಿಕ್ಕಂದಿನಲ್ಲಿ ನಾನು ಮಲಗೋವಾಗ ಅಪ್ಪ ಹೇಳ್ತಿದ್ದದ್ದು. ಹೊಲಗಳ ಹೆಸರು. ಯಾವುದು ಮೊದಲು ಮಾರಿದ್ದೋ ಅದು ಮೊದಲು."

"ಕೊನೆಯದು ಗೋರ್ಟ್‌ನಮೋನಾ?"

"ಅದನ್ನ ಮಾರಿಲ್ಲ," ಎಂದರು. "ಮೂರೆಕರೆ, ಒಂದು ಹಳೆಯ ಕಾವಲುಗಾರನ ಮನೆ. ಅದೊಂದೇ ಉಳಿದಿರೋದು. ಈಗ ಮಾರಬೇಕು."

ಆ ಸಂಜೆ ಮನೆಗೆ ಬಂದಾಗ ಡಾಕ್ಟರರ ಹೆಂಡತಿ ಮಹಾದೇವಿ ಅಕ್ಕಾರು ರೊಟ್ಟಿ ಬಡಿಯುತ್ತಿದ್ದರು. ನಾನು ಹೆಸರು ಊರು ಏನೂ ಹೇಳದೆ, "ಜಮೀನೆಲ್ಲಾ ಕಳಕೊಂಡ ಒಬ್ಬ ದೊರಿಗೆ ಮಾತು ಕಲಸಾಕತ್ತೀನ್ರಿ ಅಕ್ಕಾರ," ಎಂದೆ.

ಅವರ ಕೈ ನಿಂತಿತು. "ನಮ್ಮ ಮನ್ಯಾಗೂ ಹಂಗ ಆತು ನೋಡವಾ. ನಮ್ಮದು ದೇಸಗತಿ ಮನಿ, ಊರ ತುಂಬ ನಮ್ಮ ಹೊಲ. ಉಳಾವ್ರಿಗೆ ಹೊಲ ಅಂತ ಕಾಯ್ದೆ ಬಂದಾಗ ನಾ ಸಣ್ಣಾಕಿ. ನಮ್ಮಪ್ಪ ಎಂಟ ದಿನ ವಾಡೇದ ಬಾಗಲಾ ತಗೀಲಿಲ್ಲ."

ನಾನು ಸುಮ್ಮನಿರಬಹುದಿತ್ತು. ಅವರ ಮನೆಯ ಬಾಡಿಗೆದಾರಳು ನಾನು. ಆದರೂ ಹೇಳಿದೆ: "ನಮ್ಮಜ್ಜ ಆ ಕಾಯ್ದೇದಾಗ ಅರ್ಜಿ ಹಾಕಿದಾವ್ರಿ. ನಾಕ ಎಕರೆ ಬಂತು. ಅದರಾಗ ನಮ್ಮಪ್ಪ ಸಾಲಿ ಕಲ್ತ, ನಾ ಇಲ್ಲಿ ತನಕ ಬಂದೆ."

ಹೆಂಚಿನ ಮೇಲಿನ ರೊಟ್ಟಿಯನ್ನು ಅವರು ತಿರುವಿ ಹಾಕಿದರು. ಉಬ್ಬುವ ತನಕ ಕಾದರು. ಆಮೇಲೆ ಅದನ್ನು ನನ್ನ ತಾಟಿಗೆ ಹಾಕಿ ಹೇಳಿದರು. "ನಿಮ್ಮಜ್ಜ ಮಾಡಿದ್ದು ಬರೋಬ್ಬರಿ ಐತಿ. ನನಗ ಬ್ಯಾಸರ ಅದಕ್ಕಲ್ಲ. ಕಸಗೊಳ್ಳೂ ಮೊದಲ ನಮ್ಮಪ್ಪ ತಾನ ಕೊಟ್ಟಿದ್ರ ಚಲೋ ಇತ್ತು. ಕಸಗೊಂಡ ಮ್ಯಾಲೆ ಕೊಟ್ಟೆ ಅನ್ನಾಕ ಬರೂದಿಲ್ಲ."

ಡಿಸೆಂಬರಿನಲ್ಲಿ ಕತ್ತಲು ಮಧ್ಯಾಹ್ನ ನಾಲ್ಕಕ್ಕೇ ಇಳಿಯತೊಡಗಿತು. ಗೋರ್ಟ್‌ನಮೋನಾಕ್ಕೆ ರಜಾಮನೆಗಳನ್ನು ಕಟ್ಟುವವರೊಬ್ಬರು ಒಳ್ಳೆಯ ಬೆಲೆ ಹೇಳಿದ್ದರು. ಹೆಲೆನ್ ಮಾಡುತ್ತಿದ್ದ ಲೆಕ್ಕ ಸ್ವಾರ್ಥದ್ದಲ್ಲ. ಬೆಳಿಗ್ಗೆ ಸಂಜೆ ಅಪ್ಪನನ್ನು ಎಬ್ಬಿಸಿ ಮಲಗಿಸಲು ಬರುವ ಆಳುಗಳ ಖರ್ಚು ಹೆಲೆನ್ ಅವರ ಸಂಬಳವನ್ನೇ ತಿನ್ನುತ್ತಿತ್ತು. ಬೇರೆಡೆ ಇದ್ದ ಅವರ ಸ್ವಂತ ಮನೆಯ ಮಾರ್ಟ್‌ಗೇಜ್ ಸಾಲ ಇನ್ನೂ ತೀರಿರಲಿಲ್ಲ. ಆ ಮೂರೆಕರೆ ಮಾರಿದರೆ ಅಪ್ಪ ಕೊನೆಯ ತನಕ ಈ ಮನೆಯಲ್ಲೇ ಇರಬಹುದು. ಇಲ್ಲದಿದ್ದರೆ ಕೇರ್ ಹೋಮ್ ಎಂಬ ವೃದ್ಧಾಶ್ರಮ. ಆದರೆ ಕಾಗದ ಮುಂದಿಟ್ಟಾಗಲೆಲ್ಲ ಸರ್ ಡೆಸ್ಮಂಡ್ ಅದನ್ನು ಎಡಗೈಯಿಂದ ನೂಕಿ, "ಟ್ಯೂಸ್‌ಡೇ, ಟ್ಯೂಸ್‌ಡೇ" ಎಂದು ಕೆಂಪಾಗುತ್ತಿದ್ದರು.

ವಕೀಲರು ಒಂದು ಮಾತು ಹೇಳಿದ್ದರು. ಸರ್ ಡೆಸ್ಮಂಡ್ ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ ಎಂದಾದರೆ, ಮಗಳು ಕೋರ್ಟಿಗೆ ಹೋಗಿ ಅವರ ಪರವಾಗಿ ಮಾರಬಹುದು. ಇದೆ ಎಂದಾದರೆ, ಅವರು ಹೇಳಿದಂತೆಯೇ ಆಗಬೇಕು. ಅದನ್ನು ತಿಳಿಯಲು ವಕೀಲರಿಗೆ ನನ್ನ ನೆರವು ಬೇಕಿತ್ತು.

"ಅವರಿಗೆ ಏನೂ ಅರ್ಥ ಆಗ್ತಿಲ್ಲ ಅಂತ ನೀವು ಬರೆದುಕೊಟ್ಟರೆ ಸಾಕು," ಎಂದರು ಹೆಲೆನ್, ಮೆಲ್ಲಗೆ. "ಅವರ ಒಳ್ಳೆಯದಕ್ಕೇ."

"ಮೊದಲು ಕೇಳಿ ನೋಡೋಣ," ಎಂದೆ.

ಕೇಳುವ ದಾರಿ ಸಿಕ್ಕಿದ್ದು ಕ್ರಿಸ್‌ಮಸ್ ಕಾರ್ಡುಗಳಿಂದ. ಆ ಮೇಜಿನ ತುಂಬ ಕಾರ್ಡುಗಳಿದ್ದವು. ಯಾರು ಕಳಿಸಿದ್ದು ಎಂದು ತೋರಿಸಿ ಎನ್ನುತ್ತ ಒಂದೊಂದೇ ಎತ್ತಿಕೊಡುತ್ತಿದ್ದೆ. ಎಲ್ಲಕ್ಕಿಂತ ಅಗ್ಗದ ಒಂದು ಕಾರ್ಡನ್ನು ಅವರು ನನ್ನ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡರು. ಒಳಗೆ ಒಂದೇ ಸಾಲಿತ್ತು: 'ಛಾವಣಿ ಈ ವರ್ಷ ಸೋರಿಲ್ಲ. ಮಾರ್ಟಿನ್.'

"ಗೋರ್ಟ್‌ನಮೋನಾದ ಕಾವಲುಗಾರನ ಮನೆಯಲ್ಲಿ ಇರೋನು," ಎಂದರು ಹೆಲೆನ್. "ಬಾಡಿಗೆ ಕೊಡಲ್ಲ. ಅವನ ತಾಯಿ ನೋರಾ ದೊಡ್ಡಮನೆಯಲ್ಲಿ ಅಡುಗೆ ಮಾಡ್ತಿದ್ದಳು."

ಬಾಡಿಗೆ ಎಂಬ ಪದ ಕೇಳಿದ್ದೇ ಸರ್ ಡೆಸ್ಮಂಡ್ ಮೇಜಿಗೆ ಗುದ್ದಿದರು. "ನೋ."

ನಾನು ಕುರ್ಚಿ ಎಳೆದು ಅವರ ಎದುರು ಕೂತೆ. ಹೌದು, ಇಲ್ಲ ಎಂಬ ಎರಡು ಕಾರ್ಡು ಮುಂದಿಟ್ಟೆ. ನೋರಾ ನಿಮ್ಮಲ್ಲಿ ಕೆಲಸ ಮಾಡುತ್ತಿದ್ದರೇ? ಹೌದು. ಸಂಬಳ ಕೊಡುತ್ತಿದ್ದಿರಾ? ಅವರ ಬೆರಳು ಬಹಳ ಹೊತ್ತು ಗಾಳಿಯಲ್ಲಿ ನಿಂತು, ಇಲ್ಲ ಎಂಬುದರ ಮೇಲೆ ಇಳಿಯಿತು. ಎಷ್ಟು ವರ್ಷ ಕೊಡಲಿಲ್ಲ? ಸಂಖ್ಯೆ ಹೇಳಲು ಅವರಿಗೆ ಆಗುವುದಿಲ್ಲ. ಆದರೆ ಒಂದರಿಂದ ಎಣಿಸಲು ಆಗುತ್ತಿತ್ತು. "ಎಣಿಸುತ್ತ ಹೋಗಿ, ಸರಿಯಾದ ಕಡೆ ನಿಲ್ಲಿಸಿ," ಎಂದೆ. ಅವರು ಎಣಿಸಿದರು. ಹನ್ನೊಂದಕ್ಕೆ ನಿಂತರು. ಇನ್ನೊಮ್ಮೆ ಎಂದೆ. ಹನ್ನೊಂದು. ಮೂರನೆಯ ಸಲವೂ ಹನ್ನೊಂದು.

"ಹೊಲ, ಮನೆ ಅವರಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಿರಾ?"

ಹೌದು.

ಹೆಲೆನ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. "ಅಪ್ಪ ನನಗೆ ಹೇಳೇ ಇಲ್ಲ," ಎಂದರು.

ಅಷ್ಟಕ್ಕೆ ಮುಗಿಯಲಿಲ್ಲ. ಕೊಡಬೇಕೆಂಬ ಆಸೆ ಬೇರೆ, ಕೊಟ್ಟರೆ ಏನಾಗುತ್ತದೆಂದು ತಿಳಿದು ಕೊಡುವುದು ಬೇರೆ. ಅದನ್ನೂ ಅವರಿಗೆ ತಿಳಿಸುವುದು ನನ್ನ ಕೆಲಸವಾಗಿತ್ತು. ಜನವರಿಯಲ್ಲಿ ನಾನು ಆ ಕೇರ್ ಹೋಮಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದೆ; ಹೊರಬಾಗಿಲು, ಸಣ್ಣ ಕೋಣೆ, ಒಂಟಿ ಹಾಸಿಗೆ, ಸಾಲಾಗಿ ಕುರ್ಚಿ ಹಾಕಿದ ಟಿವಿ ಹಾಲು. ಈ ಮನೆಯ, ಆ ಹೊಲದ ಚಿತ್ರಗಳನ್ನೂ ಸೇರಿಸಿ ಮೇಜಿನ ಮೇಲೆ ಎರಡು ಸಾಲು ಜೋಡಿಸಿದೆ. ಮಾರಿದರೆ, ಈ ಮನೆ. ಕೊಟ್ಟರೆ, ಆ ಮನೆ. ಮೂರು ಬೇರೆ ಬೇರೆ ದಿನ ಕೇಳಿದೆ. ಫೋಟೋಗಳ ಜಾಗ ಅದಲುಬದಲು ಮಾಡಿ ಕೇಳಿದೆ. ಪ್ರಶ್ನೆಯನ್ನು ತಿರುಗಿಸಿ ಕೇಳಿದೆ. ಮೂರೂ ದಿನ ಅವರು ಮಾರ್ಟಿನ್‌ನ ಕಾರ್ಡನ್ನು ಹೊಲದ ಚಿತ್ರದ ಮೇಲಿಟ್ಟರು. ಆಮೇಲೆ ಆ ಒಂಟಿ ಹಾಸಿಗೆಯ ಫೋಟೋ ನೋಡಿ, ಸದ್ದಿಲ್ಲದೆ ಅತ್ತರು.

ಅತ್ತರು, ಅಂದರೆ ಅವರಿಗೆ ಅರ್ಥವಾಗಿತ್ತು. ವರದಿಯಲ್ಲಿ ಅದನ್ನು ಹೇಗೆ ಬರೆಯುವುದೆಂದು ಎರಡು ದಿನ ಯೋಚಿಸಿದೆ. ನಿಜ ಹೇಳಬೇಕೆಂದರೆ, ಬರೆಯದೇ ಇದ್ದರೆ ಎಂದೂ ಯೋಚಿಸಿದೆ. ಅವರು ಇದ್ದ ಮನೆಯಲ್ಲೇ ಇರಲಿ ಎಂಬ ಆಸೆ ನನಗೂ ಇತ್ತು. ಚಿಕ್ಕಂದಿನಲ್ಲಿ ನಾನು ಕೇಳಿದ ಹೊಲದ ಕಥೆಗಳಲ್ಲಿ ದೊರೆ ಯಾವಾಗಲೂ ಕಸಿಯುವವನು. ಎದುರಿಗೆ ಕೂತು ಅಳುತ್ತಿದ್ದ ಈ ದೊರೆಯನ್ನು ಆ ಕಥೆಗಳಲ್ಲಿ ಎಲ್ಲಿ ಕೂರಿಸಬೇಕೋ ನನಗೆ ತಿಳಿಯಲಿಲ್ಲ. ಕೊನೆಗೆ ಕಂಡದ್ದನ್ನೇ ಬರೆದೆ.

ಫೆಬ್ರವರಿಯಲ್ಲಿ ವಕೀಲರು ಮನೆಗೆ ಬಂದರು. ಹೊರಗೆ ಹಿಮ ಬೀಳಲೋ ಬೇಡವೋ ಎಂಬಂತಿತ್ತು. ನಡುವಯಸ್ಸಿನ, ತಾಳ್ಮೆಯ ಹೆಂಗಸು. ನನ್ನ ಚಿತ್ರಗಳನ್ನೇ ಬಳಸಿ, ನಾನು ಬಾಯಿ ತೆರೆಯದಂತೆ ಪಕ್ಕಕ್ಕೆ ಕೂರಿಸಿ, ಒಂದು ಗಂಟೆ ಅವರನ್ನು ತಾವೇ ಪ್ರಶ್ನಿಸಿದರು. ಕೊನೆಗೆ, "ಮಗಳ ಬಗ್ಗೆ ಯೋಚಿಸಿದ್ದೀರಾ? ಅವರಿಗೆ ಇದರಿಂದ ಏನೂ ಸಿಗುವುದಿಲ್ಲ," ಎಂದರು.

ಸರ್ ಡೆಸ್ಮಂಡ್ ಹೆಲೆನ್ ಕಡೆ ತಿರುಗಿದರು. ಎಡಗೈ ಚಾಚಿದರು. ಹೆಲೆನ್ ಬರಲಿಲ್ಲ. ಸರ್ ಡೆಸ್ಮಂಡ್ ಅವರ ಬಾಯಿ ಏನೋ ಹುಡುಕಿತು. ಈ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬರದಿದ್ದ ಪದವೊಂದು ಆಗ ಬಂತು. "ಸಾರಿ," ಎಂದರು.

ಹೆಲೆನ್ ಎದ್ದು ಅಡುಗೆಮನೆಗೆ ಹೋದರು. ವಕೀಲರು ಬರೆದುಕೊಂಡರು. ಮುಂದಿನ ವಾರ ಐರ್ಲೆಂಡಿನ ವಕೀಲರಿಂದ ಪತ್ರಗಳು ಬಂದಾಗ ಸರ್ ಡೆಸ್ಮಂಡ್ ಎಡಗೈಯಿಂದ ಸಹಿ ಮಾಡಿದರು. ಒಂದನೆಯ ತರಗತಿಯ ಮಗುವಿನ ಅಕ್ಷರದಂತಿತ್ತು. ಮಾಡಲು ಐದು ನಿಮಿಷ ಬೇಕಾಯಿತು.

ನನ್ನನ್ನು ಬಾಗಿಲ ತನಕ ಕಳಿಸಲು ಬಂದ ಹೆಲೆನ್ ಕೋಪವನ್ನು ಮುಚ್ಚಿಡಲಿಲ್ಲ. "ಅಪ್ಪನ ಮಾತು ವಾಪಸ್ ಬರಲಿ ಅಂತ ಎಷ್ಟು ಬೇಡಿಕೊಂಡಿದ್ದೆ," ಎಂದರು. "ನೀವು ತಂದುಕೊಟ್ಟಿರಿ. ಅದರಿಂದ ಅವರು ಮಾಡಿದ್ದು ಮತ್ತೆ ಅದೇ ಕೆಲಸ. ನಮ್ಮನ್ನ ಬಿಟ್ಟು ಎಲ್ಲರಿಗೂ ಕೊಡೋದು."

ಕಾರಿನಲ್ಲಿ ಕೂತು ಮುಂದಿನ ಪೋಸ್ಟ್‌ಕೋಡ್ ಹಾಕಿದೆ. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಸರಿಯಾದದ್ದು ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದ್ದು ಮಾತ್ರ ಸುಳ್ಳಾಯಿತು.

ಮಾರ್ಚಿನಲ್ಲಿ ಅವರನ್ನು ಕೇರ್ ಹೋಮಿಗೆ ಸೇರಿಸಿದರು. ಅದು ಬೇರೆ ತಂಡದ ಸೀಮೆ. ನನ್ನ ರೋಟಾದಿಂದ ಅವರ ಹೆಸರು ಹೋಯಿತು. ನಾನು ಎರಡು ಸಲ ರಜೆಯ ದಿನ ಹೋಗಿ ನೋಡಿಬಂದೆ. ಕಿಟಕಿಯ ಹತ್ತಿರ ಕೂತಿದ್ದರು, ನನ್ನನ್ನು ಕಂಡು ಎಡಗೈ ಎತ್ತಿದರು. ಅಕ್ಟೋಬರಿನಲ್ಲಿ ತೀರಿಕೊಂಡರೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಹೆಲೆನ್‌ಗೆ ಒಂದು ಕಾರ್ಡು ಬರೆದೆ. ಉತ್ತರ ಬರಲಿಲ್ಲ, ಬರುತ್ತದೆಂದು ಎಣಿಸಿಯೂ ಇರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಕ್ಲಿನಿಕ್ಕಿನ ಹೊರಗೆ, ಮಧ್ಯಾಹ್ನದ ಊಟದ ಹೊತ್ತಿಗೆ, ಹೆಲೆನ್ ಕಾಯುತ್ತಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತೆವು.

"ಅಪ್ಪನ ಬೂದಿ ತಗೊಂಡು ಐರ್ಲೆಂಡಿಗೆ ಹೋಗಿದ್ದೆ," ಎಂದರು. "ದೊಡ್ಡಮನೆ ಇದ್ದಲ್ಲಿ ಬರೀ ಗೋಡೆ. ಒಳಗೆ ಮರ ಬೆಳೆದಿದೆ. ಆಮೇಲೆ ಮಾರ್ಟಿನ್ ಮನೆಗೆ ಹೋದೆ."

"ಏನಂದರು?"

"ಥ್ಯಾಂಕ್ಸ್ ಅನ್ನಲಿಲ್ಲ. ನಾನು ಅದಕ್ಕೇ ಹೋಗಿದ್ದೆ ಅನಿಸುತ್ತೆ, ಯಾರಾದರೂ ಒಬ್ಬರು ಅದನ್ನ ಹೇಳಲಿ ಅಂತ. ಅವನು, 'ಮನೆ ಅಮ್ಮನದೇ ಇತ್ತು, ಕಾಗದ ಬರೋದು ಸ್ವಲ್ಪ ತಡ ಆಯ್ತು' ಅಂದ. ಟೀ ಕೊಟ್ಟ."

ನನ್ನ ಅಜ್ಜನಾದರೂ ಹಾಗೆಯೇ ಹೇಳುತ್ತಿದ್ದರು ಎಂದು ನನಗೆ ಅನಿಸಿತು. "ಬೇಜಾರಾಯ್ತಾ?" ಎಂದು ಕೇಳಿದೆ.

"ತುಂಬಾ. ಹಡಗಿನಲ್ಲಿ ಬರೋವಾಗಲೂ ಕೋಪ ಇತ್ತು." ಹೆಲೆನ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. "ಆ ಹೋಮಿನ ನರ್ಸು ನನಗೆ ಪ್ರತಿ ವಾರ ಹೇಳೋಳು, ನಿಮ್ಮಪ್ಪನಷ್ಟು ಚೆನ್ನಾಗಿ ನಿದ್ದೆ ಮಾಡೋರು ಇಲ್ಲಿ ಯಾರೂ ಇಲ್ಲ ಅಂತ. ನಮ್ಮ ಮನೆಯಲ್ಲಿ ಅವರು ನಿದ್ದೆ ಮಾಡಿದ್ದನ್ನ ನಾನು ನೋಡಿರಲೇ ಇಲ್ಲ. ಬೆಳಗಿನ ಜಾವಕ್ಕೇ ಎದ್ದು ಓಡಾಡ್ತಾ ಇರ್ತಿದ್ದರು, ನಾನು ಚಿಕ್ಕವಳಾಗಿದ್ದಾಗಿಂದ. ಅದು ಅವರ ಅಭ್ಯಾಸ ಅಂತ ತಿಳಿದಿದ್ದೆ, ನೋರಾಳ ಬಾಕಿ ಅಂತ ಗೊತ್ತಿರಲಿಲ್ಲ."

ಅವರು ಎದ್ದು ನಿಂತರು. ಅಂಗಡಿಗೆ ಹೊತ್ತಾಗಿತ್ತು. ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ನನ್ನ ಎರಡೂ ಕೈಗಳನ್ನು ತಮ್ಮ ಕೈಗಳಲ್ಲಿ ಒಂದು ಗಳಿಗೆ ಹಿಡಿದುಕೊಂಡರು.